ಮೊದಲು ಹಿಡಿದುಕೋ, ಆಮೇಲೆ ಲೆಕ್ಕ: ಸಂಬಳದ ತೆರಿಗೆಯ ಹಿಂದಿನ ಕಥೆ

ಆಗಸ್ಟ್-ಸೆಪ್ಟೆಂಬರ್ ಬಂತೆಂದರೆ ಮುಂಬಯಿಯ ನಮ್ಮಂಥ ನೌಕರದಾರರ ನಡುವೆ ಒಂದೇ ಪ್ರಶ್ನೆ ಓಡಾಡುತ್ತದೆ. ‘ನಿಮ್ಮ ರೀಫಂಡ್ ಬಂತೇನ್ರೀ?’ ಲೋಕಲ್ ಗಾಡಿಯಲ್ಲಿ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ, ಸೊಸೈಟಿಯ ಗಣಪತಿ ಪೆಂಡಾಲಿನಲ್ಲಿ ಎಲ್ಲ ಕಡೆ ಇದೇ ಮಾತು. ‘ಬಂತು ಮಾರಾಯ್ರೇ, ಹದಿನೆಂಟು ಸಾವಿರ!’ ಅನ್ನುವವರ ಮುಖ ನೋಡಬೇಕು, ಲಾಟರಿ ಹೊಡೆದವರ ಹಾಗೆ ಅರಳಿರುತ್ತದೆ. ಕೇಳಿದವರಿಗೂ ಸ್ವಲ್ಪ ಹೊಟ್ಟೆಕಿಚ್ಚು. ಆದರೆ ಆ ಹದಿನೆಂಟು ಸಾವಿರ ಯಾರ ದುಡ್ಡು? ಅವರದೇ. ಹೋದ ವರ್ಷ ತಿಂಗಳು ತಿಂಗಳೂ ಅವರ ಸಂಬಳದಿಂದ ಬೇಕಾದ್ದಕ್ಕಿಂತ ಹೆಚ್ಚು ಹಿಡಿದಿದ್ದು. ನಮ್ಮದೇ ದುಡ್ಡು ನಮಗೆ ವಾಪಸು ಬಂದರೆ ಹಬ್ಬ ಮಾಡುವ ಈ ಸ್ವಭಾವ ನಮಗೆ ಎಲ್ಲಿಂದ ಬಂತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಇದರ ಹಿಂದೆ ನೂರಾ ಅರವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಸಂಬಳದಿಂದ ಹಿಡಿಯುವ ಕೈ ನಮ್ಮಲ್ಲಿ ತೀರಾ ಹಳೆಯದು, ಚುರುಕಾದದ್ದು. ಹೆಚ್ಚು ಹಿಡಿದದ್ದನ್ನು ತಿರುಗಿ ಕೊಡುವ ಕೈ ಬಹಳ ತಡವಾಗಿ ಹುಟ್ಟಿತು. ಅದಕ್ಕೆ ಈಗಲೂ ಮೊದಲನೆಯದರಷ್ಟು ಚುರುಕು ಬಂದಿಲ್ಲ.

ಟೋಪಿ ಮಾರುವವನ ಬಜೆಟ್ಟು

ಶುರುವಾದದ್ದು 1860ರಲ್ಲಿ. 1857ರ ದಂಗೆಯನ್ನು ಅಡಗಿಸುವುದರೊಳಗೆ ಸರ್ಕಾರದ ಖಜಾನೆ ಬರಿದಾಗಿತ್ತು, ಮೇಲೆ ಸಾಲ. ಹಣಕಾಸು ಸರಿಮಾಡಲು ಇಂಗ್ಲೆಂಡಿನಿಂದ ಜೇಮ್ಸ್ ವಿಲ್ಸನ್ ಎಂಬುವನನ್ನು ಕಲ್ಕತ್ತೆಗೆ ಕಳಿಸಿದರು. ಸಾಮಾನ್ಯದವನಲ್ಲ. ಟೋಪಿ ವ್ಯಾಪಾರದಿಂದ ಮೇಲೆ ಬಂದವನು, 1843ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆ ಶುರು ಮಾಡಿದವನು, ಚಾರ್ಟರ್ಡ್ ಬ್ಯಾಂಕಿನ ಸ್ಥಾಪಕ. 1860ರಲ್ಲಿ ಅವನು ಮಂಡಿಸಿದ ಬಜೆಟ್ಟಿನಲ್ಲಿ ಹಿಂದೂಸ್ತಾನಕ್ಕೆ ಮೊದಲ ಸಲ ಇನ್‌ಕಮ್ ಟ್ಯಾಕ್ಸ್ ಬಂತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ವಿನಾಯಿತಿ. 200ರಿಂದ 500ರವರೆಗೆ ನೂರಕ್ಕೆ ಎರಡು, ಅದಕ್ಕೂ ಮೇಲಿದ್ದರೆ ನೂರಕ್ಕೆ ನಾಲ್ಕು. ಕಾಯ್ದೆ ಜಾರಿಗೆ ಬಂದದ್ದು 1860ರ ಜುಲೈ 24ರಂದು. ಇಲಾಖೆಯವರು ಪ್ರತಿ ಜುಲೈ 24ನ್ನು ‘ಆದಾಯ ತೆರಿಗೆ ದಿನ’ ಅಂತ ಆಚರಿಸುವುದು ಇದೇ ಲೆಕ್ಕದಲ್ಲಿ. ಪಾಪ, ವಿಲ್ಸನ್ ಮಾತ್ರ ಆಗಸ್ಟ್ 11ರಂದು ಕಲ್ಕತ್ತೆಯಲ್ಲೇ ಆಮಶಂಕೆಯಿಂದ ತೀರಿಕೊಂಡ. ತಾನು ತಂದ ತೆರಿಗೆ ಕೈಗೆ ಬರುವುದನ್ನು ನೋಡಲು ಅವನಿಗೆ ಮೂರು ವಾರವೂ ಸಿಗಲಿಲ್ಲ.

ಈ ತೆರಿಗೆಗೆ ವಿರೋಧ ಒಳಗಿನಿಂದಲೇ ಬಂತು ಎನ್ನುವುದು ಸ್ವಾರಸ್ಯ. ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಇದು ಈ ದೇಶಕ್ಕೆ ಒಗ್ಗುವುದಿಲ್ಲ ಎಂದು ಬರೆದದ್ದಲ್ಲದೆ ಆ ಟಿಪ್ಪಣಿಗಳನ್ನು ಪತ್ರಿಕೆಗಳಿಗೂ ಕೊಟ್ಟುಬಿಟ್ಟ. ಪರಿಣಾಮ, ಅದೇ ವರ್ಷ ಹುದ್ದೆಯಿಂದ ವಾಪಸು ಕರೆಸಿದರು. ಎರಡು ವರ್ಷ ಕಳೆದ ಮೇಲೆ ಅದೇ ಟ್ರೆವೆಲ್ಯನ್ ಹಣಕಾಸಿನ ಸದಸ್ಯನಾಗಿ ಕಲ್ಕತ್ತೆಗೆ ಬಂದ. ಅವನ ಕಾಲದಲ್ಲೇ, 1865ರಲ್ಲಿ, ವಿಲ್ಸನ್ನನ ತೆರಿಗೆ ನಿಂತುಹೋಯಿತು. ಆಮೇಲೆ ಲೈಸೆನ್ಸ್ ಟ್ಯಾಕ್ಸ್, ಮತ್ತೆ ಇನ್‌ಕಮ್ ಟ್ಯಾಕ್ಸ್, ಮತ್ತೆ ಬಂದ್.. ಹೀಗೆ ಇಪ್ಪತ್ತು ವರ್ಷ ಎಳೆದಾಡಿದರು.

ಸಂಬಳದವನನ್ನೇ ಮೊದಲು ಹಿಡಿದದ್ದು ಯಾಕೆ?

ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ವಿಲಿಯಂ ಪಿಟ್ ನೆಪೋಲಿಯನ್ ಯುದ್ಧದ ಖರ್ಚಿಗೆ 1799ರಲ್ಲಿ ಇನ್‌ಕಮ್ ಟ್ಯಾಕ್ಸ್ ತಂದಿದ್ದ. ದೊಡ್ಡ ಆದಾಯಕ್ಕೆ ನೂರಕ್ಕೆ ಹತ್ತು. ಜನ ತಮ್ಮ ಆದಾಯ ತಾವೇ ಬರೆದುಕೊಡಬೇಕು. ಯಾರು ಸರಿಯಾಗಿ ಬರೆದಾರು? ಅವನು ಎಣಿಸಿದಷ್ಟು ಹಣ ಬರಲಿಲ್ಲ. 1802ರಲ್ಲಿ ತೆರಿಗೆ ರದ್ದಾಯಿತು. ಮರುವರ್ಷ ಮತ್ತೆ ಯುದ್ಧ. ಆಗ ಪ್ರಧಾನಿಯಾಗಿದ್ದ ಹೆನ್ರಿ ಆಡಿಂಗ್ಟನ್ 1803ರಲ್ಲಿ ಒಂದು ಉಪಾಯ ಮಾಡಿದ. ಆದಾಯವನ್ನು ಎ, ಬಿ, ಸಿ, ಡಿ, ಇ ಎಂದು ಐದು ಶೆಡ್ಯೂಲುಗಳಾಗಿ ಒಡೆದ. ಸಾಧ್ಯವಿರುವ ಕಡೆಯೆಲ್ಲ ಆದಾಯ ಕೈಸೇರುವ ಮೊದಲೇ, ದುಡ್ಡು ಕೊಡುವವನಿಂದಲೇ ತೆರಿಗೆ ಹಿಡಿಸಿದ. ದರವನ್ನು ಪಿಟ್ಟನ ದರದ ಅರ್ಧಕ್ಕೆ, ಅಂದರೆ ನೂರಕ್ಕೆ ಐದಕ್ಕೆ, ಇಳಿಸಿದರೂ ಹೆಚ್ಚುಕಡಿಮೆ ಮೊದಲಿನಷ್ಟೇ ಹಣ ಬಂತು!

ಇದೇ ಆ ದೊಡ್ಡ ಗುಟ್ಟು. ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ತಿಳಿಯಲು ಅವನ ಖಾತೆ ಪುಸ್ತಕ ತೆಗೆಸಬೇಕು, ವಾದ ಮಾಡಬೇಕು. ಸಂಬಳದವನ ಆದಾಯ ಎಷ್ಟೆಂದು ಅವನ ಧಣಿಯ ಪುಸ್ತಕದಲ್ಲೇ ಪೈಸೆ ಸಮೇತ ಬರೆದಿರುತ್ತದೆ. ಅವನು ಅಡಗಲು ಜಾಗವೇ ಇಲ್ಲ. ವಿಲ್ಸನ್ ಕಲ್ಕತ್ತೆಗೆ ತಂದದ್ದು ಇಂಗ್ಲೆಂಡಿನ ಈ ಮಾದರಿಯನ್ನೇ.

ನಮ್ಮಲ್ಲಿ ಇದು ಗಟ್ಟಿಯಾಗಿ ಬೇರು ಬಿಟ್ಟಿದ್ದು 1886ರ ಎರಡನೇ ಕಾಯ್ದೆಯಿಂದ. ಆದಾಯವನ್ನು ನಾಲ್ಕು ಭಾಗ ಮಾಡಿದರು. ಅದರಲ್ಲಿ ಮೊದಲನೆಯದೇ ಸಂಬಳ ಮತ್ತು ಪಿಂಚಣಿ. ವರ್ಷಕ್ಕೆ 500 ರೂಪಾಯಿಯೊಳಗಿನವರಿಗೆ ವಿನಾಯಿತಿ. 2000 ರೂಪಾಯಿಯವರೆಗೆ ರೂಪಾಯಿಗೆ ನಾಲ್ಕು ಪೈ, ಅದರ ಮೇಲೆ ಐದು ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ತಿಂಗಳಿಗೆ ನೂರು ರೂಪಾಯಿ ಸಂಬಳದ ಸರ್ಕಾರಿ ಗುಮಾಸ್ತನಿಗೆ ತಿಂಗಳಿಗೆ 400 ಪೈ, ಅಂದರೆ 2 ರೂಪಾಯಿ 1 ಆಣೆ 4 ಪೈ ಕಳೆದೇ ಕೈಗೆ ಕೊಡುತ್ತಿದ್ದರು. ವರ್ಷಕ್ಕೆ 25 ರೂಪಾಯಿ.

ಅದೇ ಕಾಯ್ದೆ ಬೇಸಾಯದ ಆದಾಯವನ್ನು ಹೊರಗಿಟ್ಟಿತು. ಕೇಂದ್ರದ ಇನ್‌ಕಮ್ ಟ್ಯಾಕ್ಸಿನಲ್ಲಿ ಆ ವಿನಾಯಿತಿ ಇವತ್ತಿಗೂ ಇದೆ. ಹೊರನಾಡಿಗೆ ಬಂದ ನಮಗೆ ಈ ಮಾತು ಬೇರೆ ರೀತಿ ತಟ್ಟುತ್ತದೆ. ನಮ್ಮಲ್ಲಿ ಬಹಳ ಜನ ಹೊಲ, ಗದ್ದೆ, ತೋಟದ ಮನೆಗಳಿಂದ ಬಂದವರು. ಊರಿನಲ್ಲಿ ಅಪ್ಪನಿಗೆ ಕಂದಾಯ ಗೊತ್ತು, ಶಾನುಭೋಗರು ಗೊತ್ತು, ಇನ್‌ಕಮ್ ಟ್ಯಾಕ್ಸ್ ಗೊತ್ತಿಲ್ಲ. ಮನೆತನದಲ್ಲೇ ಮೊದಲ ಸಲ ಆ ಹೆಸರು ಕಾಣಿಸಿಕೊಳ್ಳುವುದು ಮುಂಬಯಿಗೋ ಪುಣೆಗೋ ಬಂದ ಮಗನ ಸಂಬಳದ ಚೀಟಿಯಲ್ಲಿ. ಕೇಳಿ ತಿಳಿದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಅಕೌಂಟ್ಸ್‌ನವರು ಹಿಡಿದದ್ದೇ ಸರಿ.

ಒಂದೇ ಭಾಷೆ, ಮೂರು ಕಾನೂನು

ನಡುವೆ ಒಂದು ಸಣ್ಣ ಮಾತು. ಆಗ ಕನ್ನಡದವರೆಲ್ಲ ಒಂದೇ ಕಾಯ್ದೆಯ ಕೆಳಗೆ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸಿಗೆ. ಇಲ್ಲೆಲ್ಲ ಬ್ರಿಟಿಷರ ಕಾಯ್ದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ 1923ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಇತ್ತು. ಕಲಬುರಗಿ, ರಾಯಚೂರು, ಬೀದರಿನ ಕಡೆಯವರು ನಿಜಾಮನ ಪ್ರಜೆಗಳು. ಹೈದರಾಬಾದಿಗೆ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಬಂದದ್ದೇ ಫಸಲಿ 1357ರಲ್ಲಿ, ಅಂದರೆ 1947-48ರ ಹೊತ್ತಿಗೆ. 1950ರ ಏಪ್ರಿಲ್‌ನಿಂದ ಭಾರತದ ಕಾಯ್ದೆ ಈ ಸಂಸ್ಥಾನಗಳಿಗೂ ಹರಡಿತು. ರಾಜ್ಯ ಒಂದಾಗುವುದಕ್ಕೆ ಆರು ವರ್ಷ ಮೊದಲೇ ಇನ್‌ಕಮ್ ಟ್ಯಾಕ್ಸಿನಲ್ಲಿ ಕನ್ನಡಿಗರ ಏಕೀಕರಣ ಆಗಿಹೋಗಿತ್ತು ಅನ್ನಬಹುದು!

ಅಂದಾಜು ಹುಟ್ಟಿತು, ಜೊತೆಗೆ ಹೆಚ್ಚುವರಿ ಕಡಿತವೂ

ರೂಪಾಯಿಗೆ ನಾಲ್ಕು ಪೈ, ಐದು ಪೈ ಇದ್ದಾಗ ಲೆಕ್ಕ ಸುಲಭ. ತಿಂಗಳ ಸಂಬಳ ನೋಡಿದರೆ ಸಾಕು. ಆದರೆ ಮೊದಲ ಮಹಾಯುದ್ಧದ ಖರ್ಚಿಗಾಗಿ 1916ರಲ್ಲಿ ದರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. 1917ರಲ್ಲಿ ಸೂಪರ್ ಟ್ಯಾಕ್ಸ್ ಬಂತು. ಈಗ ಯಾವ ದರ ಹಚ್ಚಬೇಕು ಎನ್ನುವುದು ಇಡೀ ವರ್ಷದ ಆದಾಯದ ಮೇಲೆ ನಿಂತಿತು. ಇಡೀ ವರ್ಷದ ಆದಾಯ ಏಪ್ರಿಲ್ ತಿಂಗಳಲ್ಲಿ ಯಾರಿಗೆ ಗೊತ್ತು? ಯಾರಿಗೂ ಇಲ್ಲ. ಹಾಗಾಗಿ ಸಂಬಳ ಕೊಡುವವನು ಅಂದಾಜು ಮಾಡಬೇಕಾಯಿತು. 1922ರ ಕಾಯ್ದೆಯ 18ನೇ ಸೆಕ್ಷನ್ ಇದನ್ನು ನಿಯಮ ಮಾಡಿತು: ವರ್ಷದ ಸಂಬಳ ಅಂದಾಜು ಮಾಡು, ಅದಕ್ಕೆ ತಕ್ಕ ದರದಲ್ಲಿ ಪ್ರತಿ ತಿಂಗಳೂ ಹಿಡಿ.

ಅಂದಾಜು ಅಂದಮೇಲೆ ತಪ್ಪೂ ಇದ್ದದ್ದೇ. ನಡುವೆ ಕೆಲಸ ಬಿಟ್ಟ, ಸಂಬಳವಿಲ್ಲದ ರಜೆ ಹಾಕಿದ, ವಿಮೆಯ ಕಂತು ಕಟ್ಟಿದ್ದನ್ನು ಹೇಳಲಿಲ್ಲ. ಹೀಗೆ ಯಾವುದೇ ಕಾರಣಕ್ಕೆ ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಹೆಚ್ಚು ಹಿಡಿದಿರುತ್ತದೆ. 1939ರವರೆಗೆ ಇನ್ನೂ ಒಂದು ಕಷ್ಟ ಇತ್ತು. ಒಂದು ಮೆಟ್ಟಿಲು ದಾಟಿದರೆ ಮೇಲಿನ ದರ ಪೂರ್ತಿ ಆದಾಯಕ್ಕೆ ಬೀಳುತ್ತಿತ್ತು. ಈಗಿನ ಹಾಗೆ ಆಯಾ ಭಾಗಕ್ಕೆ ಆಯಾ ದರ ಎನ್ನುವ ಸ್ಲ್ಯಾಬ್ ಪದ್ಧತಿ ಬಂದದ್ದು 1939ರ ತಿದ್ದುಪಡಿಯಲ್ಲಿ. 

ಕಾಯ್ದೆ ಬರೆದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಿಂದಿನ ತಿಂಗಳು ಹೆಚ್ಚು ಹಿಡಿದಿದ್ದರೆ ಮುಂದಿನ ತಿಂಗಳು ಕಡಿಮೆ ಹಿಡಿದು ಸರಿದೂಗಿಸಲು ಧಣಿಗೆ ಅವಕಾಶ ಕೊಟ್ಟಿದ್ದರು. 1961ರ ಕಾಯ್ದೆಯ 192ನೇ ಸೆಕ್ಷನ್ನಿನ ಮೂರನೇ ಉಪವಿಧಿಯಲ್ಲೂ ಅದೇ ಮಾತು ಮುಂದುವರಿಯಿತು. ಆದರೆ ಗಮನಿಸಿ, ಅದು ‘ಮಾಡಬಹುದು’, ‘ಮಾಡಲೇಬೇಕು’ ಅಲ್ಲ. ಅದೂ ಆ ವರ್ಷದೊಳಗೆ ಮಾತ್ರ. ಮಾರ್ಚ್ 31 ದಾಟಿತೋ, ಆ ಹಣ ಧಣಿಯ ಕೈ ಬಿಟ್ಟು ಸರ್ಕಾರದ ಖಜಾನೆಗೆ ಹೋಗಿರುತ್ತದೆ. ಅಲ್ಲಿಂದ ತರುವ ಕೆಲಸ ನೌಕರನದು. ಅರ್ಜಿ ಅವನು ಹಾಕಬೇಕು, ಪುರಾವೆ ಅವನು ಒದಗಿಸಬೇಕು, ಗಡುವು ಅವನು ನೆನಪಿಡಬೇಕು.

ಇದೇ ಕೆಲಸ ಬೇರೆ ರೀತಿ ಮಾಡಿದವರು

ಬೇರೆ ದಾರಿಯೇ ಇರಲಿಲ್ಲ ಅನ್ನುವ ಹಾಗಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಾರ್ಖಾನೆ ಕಾರ್ಮಿಕರೂ ತೆರಿಗೆಯ ಬಲೆಗೆ ಬಿದ್ದರು. ವಾರಕ್ಕೊಂದು ಥರ ಕೂಲಿ ಸಿಗುವ ಆ ಜನರಿಂದ ಹಳೆಯ ಕ್ರಮದಲ್ಲಿ ವಸೂಲಿ ಮಾಡುವುದು ಆಗದ ಮಾತು. ಆಗ ಹುಟ್ಟಿದ್ದು ‘ಪೇ ಆಸ್ ಯು ಅರ್ನ್’, ಗಳಿಸಿದ ಹಾಗೆ ಕಟ್ಟು ಎಂಬ ಪದ್ಧತಿ. ಅದನ್ನು ಪಾರ್ಲಿಮೆಂಟಿಗೆ ತಿಳಿಸಬೇಕಾಗಿದ್ದ ಹಣಕಾಸು ಮಂತ್ರಿ ಕಿಂಗ್ಸ್ಲಿ ವುಡ್ 1943ರ ಸೆಪ್ಟೆಂಬರಿನಲ್ಲಿ ಅದೇ ದಿನ ಬೆಳಿಗ್ಗೆ ತೀರಿಕೊಂಡದ್ದು ವಿಧಿಯ ಆಟ. 1944ರ ಏಪ್ರಿಲ್‌ನಲ್ಲಿ ಪದ್ಧತಿ ಜಾರಿಯಾಯಿತು.

ಇದರ ವಿಶೇಷ ಏನೆಂದರೆ, ಪ್ರತಿ ವಾರವೂ ವರ್ಷದ ಶುರುವಿನಿಂದ ಅಲ್ಲಿಯವರೆಗಿನ ಒಟ್ಟು ಕೂಲಿ, ಒಟ್ಟು ತೆರಿಗೆ ಎರಡನ್ನೂ ಲೆಕ್ಕ ಹಾಕುತ್ತಾರೆ. ಒಂದು ವಾರ ಕೂಲಿ ತೀರ ಕಡಿಮೆಯಾದರೆ, ಮೊದಲು ಹೆಚ್ಚು ಹಿಡಿದದ್ದನ್ನು ಅದೇ ವಾರದ ಲಕೋಟೆಯಲ್ಲಿ ಧಣಿಯೇ ಸೇರಿಸಿ ಕೊಡಬೇಕು. ಕೆಲಸ ಬದಲಿಸಿದರೆ ಅಲ್ಲಿಯವರೆಗಿನ ಲೆಕ್ಕದ ಚೀಟಿ ಕೈಗೆ ಕೊಟ್ಟು ಕಳಿಸುತ್ತಾರೆ, ಹೊಸ ಧಣಿ ಅಲ್ಲಿಂದಲೇ ಮುಂದುವರಿಸುತ್ತಾನೆ. ಅಂದರೆ ಹಿಡಿಯುವ ಕೈಗೇ ತಿರುಗಿ ಕೊಡುವ ಕೆಲಸವನ್ನೂ ಒಪ್ಪಿಸಿದರು. ಎಲ್ಲ ತಪ್ಪೂ ನಿಂತಿತು ಅಂತಲ್ಲ, ಆದರೆ ತಪ್ಪು ಸರಿಮಾಡುವ ಹೊಣೆ ಒಬ್ಬನದೇ ಆಗಿ ಉಳಿಯಲಿಲ್ಲ. ಅಮೆರಿಕಾ ಕೂಡ 1943ರಲ್ಲೇ ಸಂಬಳದಿಂದ ಹಿಡಿಯುವ ಕಾನೂನು ಮಾಡಿತು. ಆ ಕೆಲಸದಲ್ಲಿ ಖಜಾನೆ ಇಲಾಖೆಯಲ್ಲಿದ್ದ ಯುವಕ ಮಿಲ್ಟನ್ ಫ್ರೀಡ್‌ಮನ್, ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞನಾದ ಮೇಲೆ, ಅದಕ್ಕಾಗಿ ಪೇಚಾಡಿಕೊಂಡದ್ದೂ ಉಂಟು.

ನಾವು 1922ರದ್ದನ್ನೇ ಇಟ್ಟುಕೊಂಡೆವು. 1961ರ ಕಾಯ್ದೆಯಲ್ಲಿ ಕೆಲಸ ಬದಲಿಸಿದವನು ಹಳೆ ಕಂಪನಿಯ ಲೆಕ್ಕವನ್ನು ಫಾರ್ಮ್ 12ಬಿಯಲ್ಲಿ ಹೊಸ ಕಂಪನಿಗೆ ಕೊಡಬಹುದು ಅಂತ ಇತ್ತು, ನಿಜ. ಕೊಡಬೇಕಾದವನು ಮತ್ತೆ ನೌಕರನೇ.

ಕಾಗದದ ಕಾಲ

ಸ್ವಾತಂತ್ರ್ಯದ ಮೇಲೆ ಬಲೆ ಹಿರಿದಾಯಿತು. 1957ರಲ್ಲಿ ಟಿ.ಟಿ. ಕೃಷ್ಣಮಾಚಾರಿ ವಿನಾಯಿತಿಯ ಮಿತಿಯನ್ನು 4200 ರೂಪಾಯಿಯಿಂದ 3000ಕ್ಕೆ ಇಳಿಸಿದರು. ತಿಂಗಳಿಗೆ ಮುನ್ನೂರು ದುಡಿಯುವ ಕಾರಕೂನನೂ ಒಳಗೆ ಬಂದ. 1974ರಲ್ಲಿ ಇನ್ನೊಂದು ಥರದ ಕಡಿತ ಬಂತು. ಬೆಲೆಯೇರಿಕೆ ತಡೆಯಬೇಕೆಂದು, ಹೆಚ್ಚಿದ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಸರ್ಕಾರ ಹಿಡಿದಿಟ್ಟುಕೊಂಡಿತು, ಆಮೇಲೆ ಕಂತಿನಲ್ಲಿ ಬಡ್ಡಿ ಸಮೇತ ಕೊಡುವ ಮಾತಿನ ಮೇಲೆ. ಅದು ತೆರಿಗೆಯಲ್ಲ, ಆದರೆ ಸಂಬಳದ ಚೀಟಿ ನೋಡುವವನಿಗೆ ಎರಡೂ ಒಂದೇ: ದುಡಿದದ್ದು ಇಷ್ಟು, ಕೈಗೆ ಬಂದದ್ದು ಇಷ್ಟು.

ನಾನು ಮುಂಬಯಿಗೆ ಬಂದು ನೌಕರಿಗೆ ಸೇರಿದ ಎಂಬತ್ತರ ದಶಕದಲ್ಲಿ ರೀಫಂಡ್ ಅಂದರೆ ಒಂದು ಸಾಹಸ. ಫಾರ್ಮ್ 30 ಅಂತ ಒಂದು ಅರ್ಜಿ. ಕಂಪನಿ ಕೊಟ್ಟ ಕಡಿತದ ಸರ್ಟಿಫಿಕೇಟು, ಅದೂ ಅಸಲು ಪ್ರತಿ. ಕಚೇರಿಗೆ ಹೋಗಿ ಕೊಟ್ಟು ಸಿಕ್ಕಾ ಹೊಡೆಸಿಕೊಂಡು ಬರಬೇಕು. ಆಮೇಲೆ ಕಾಯಬೇಕು. ಬಂದರೆ ಪೋಸ್ಟಿನಲ್ಲಿ ರೀಫಂಡ್ ವೋಚರ್ ಬರುತ್ತದೆ. ನಾವೆಲ್ಲ ಬಾಡಿಗೆ ಮನೆ ಬದಲಿಸುತ್ತಾ ಓಡಾಡುವವರು, ದಾದರಿನಿಂದ ಮುಲುಂಡಿಗೆ, ಮುಲುಂಡಿನಿಂದ ಡೊಂಬಿವಿಲಿಗೆ. ವೋಚರು ಹಳೆ ವಿಳಾಸಕ್ಕೆ ಹೋಗಿ ವಾಪಸಾದರೆ ಮತ್ತೆ ಮೊದಲಿನಿಂದ.

ನಮ್ಮ ಆಫೀಸಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಒಂದು ವರ್ಷ ಅವರಿಗೆ ಎರಡು ಸಾವಿರ ಚಿಲ್ಲರೆ ಹೆಚ್ಚು ಹಿಡಿದಿತ್ತು. ಆಗ ಅದು ಅವರ ಅರ್ಧ ತಿಂಗಳ ಸಂಬಳಕ್ಕೂ ಮಿಕ್ಕಿದ ಹಣ. ಮಗಳ ಮದುವೆ ಹತ್ತಿರದಲ್ಲಿತ್ತು. ಮೂರು ಸಲ ರಜೆ ಹಾಕಿ ತಿರುಗಿದರು. ನಾಲ್ಕನೇ ಸಲ, ‘ಹೋಯ್ಲಿ ಬಿಡಿ ಮಾರಾಯ್ರೆ, ಸರ್ಕಾರಕ್ಕೆ ಕೊಟ್ಟದ್ದು ದೇವರಿಗೆ ಕೊಟ್ಟ ಹಾಗೆ’ ಎಂದು ಕೈಬಿಟ್ಟರು. ಮದುವೆಗೆ ಪತಪೇಢಿಯಲ್ಲಿ ಸಾಲ ತೆಗೆದರು. ತಮ್ಮದೇ ಎರಡು ಸಾವಿರ ಸರ್ಕಾರದ ಹತ್ತಿರ ಕೂತಿರುವಾಗ ಇಲ್ಲಿ ಬಡ್ಡಿ ಕಟ್ಟಿದರು. ಅಂಥವರು ಎಷ್ಟು ಜನರೋ.

ಬಡ್ಡಿಯ ಕಥೆಯನ್ನೂ ಹೇಳಬೇಕು. 1989ರಲ್ಲಿ 244ಎ ಎಂಬ ಸೆಕ್ಷನ್ ಬಂದು, ತಡವಾದ ರೀಫಂಡಿಗೆ ಬಡ್ಡಿ ಕೊಡುವ ನಿಯಮಗಳೆಲ್ಲ ಒಂದು ಕಡೆ ಸೇರಿದವು. 2003ರ ಸೆಪ್ಟೆಂಬರಿನಿಂದ ದರ ತಿಂಗಳಿಗೆ ನೂರಕ್ಕೆ ಅರ್ಧ. ಅದೇ ನಾವು ತೆರಿಗೆ ಬಾಕಿ ಇಟ್ಟುಕೊಂಡರೆ ಕೊಡಬೇಕಾದ್ದು ತಿಂಗಳಿಗೆ ನೂರಕ್ಕೆ ಒಂದು. ನಾವು ಕೊಡುವಾಗ ಒಂದು, ಅವರು ಕೊಡುವಾಗ ಅರ್ಧ!

ಒಂದು ಲೆಕ್ಕ ಮಾಡೋಣ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ತಿಂಗಳಿಗೆ 2000 ರೂಪಾಯಿ ಹೆಚ್ಚು ಹಿಡಿದರು ಅನ್ನಿ. ಒಟ್ಟು 24,000. ನೀವು ಗಡುವಿನೊಳಗೆ ರಿಟರ್ನ್ ಸಲ್ಲಿಸಿ, ಆಗಸ್ಟ್‌ನಲ್ಲಿ ಹಣ ಬಂತು. ಬಡ್ಡಿ ಎಣಿಸುವುದು 2024ರ ಏಪ್ರಿಲ್ 1ರಿಂದ. ಐದು ತಿಂಗಳಿಗೆ ನೂರಕ್ಕೆ ಎರಡೂವರೆ, ಅಂದರೆ 600 ರೂಪಾಯಿ. ಮೊದಲ ಕಂತು ಹದಿನಾರು ತಿಂಗಳಿನಿಂದ ಅವರ ಹತ್ತಿರ ಇದ್ದರೂ, ಹಿಂದಿನ ವರ್ಷದ ತಿಂಗಳುಗಳಿಗೆ ಬಡ್ಡಿ ಇಲ್ಲ. ರೀಫಂಡು ಒಟ್ಟು ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಆ 600 ಕೂಡ ಇಲ್ಲ. ಕೊಟ್ಟರೆ ಆ ಬಡ್ಡಿಯ ಮೇಲೆ ಮತ್ತೆ ತೆರಿಗೆ!

ಕೋರ್ಟುಗಳು ಹೇಳಿದ್ದು

ತಿರುಗಿ ಕೊಡುವ ಕೈ ಸ್ವಲ್ಪವಾದರೂ ಚುರುಕಾದದ್ದು ಕೋರ್ಟುಗಳ ಒತ್ತಾಯದಿಂದ. ಮೂರು ತೀರ್ಪುಗಳನ್ನು ನೆನೆಯಬೇಕು. ಒಂದು, 2006ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಯಾಂಡ್ವಿಕ್ ಏಷ್ಯಾ ಎಂಬ ಪುಣೆಯ ಕಂಪನಿಯ ಮೊಕದ್ದಮೆಯಲ್ಲಿ ಕೊಟ್ಟದ್ದು. ಅದು ಸಂಬಳದ ವಿಷಯವಲ್ಲ, ಕಂಪನಿ ಕಟ್ಟಿದ ಮುಂಗಡ ತೆರಿಗೆಯ ವಿಷಯ. ಹನ್ನೆರಡರಿಂದ ಹದಿನೇಳು ವರ್ಷ ಹಣ ತಡೆದಿಟ್ಟುಕೊಂಡದ್ದಕ್ಕೆ ಇಲಾಖೆ ಪರಿಹಾರ ಕೊಡಬೇಕು ಎಂದಿತು ಕೋರ್ಟು. 2013ರಲ್ಲಿ ಗುಜರಾತಿನ ಕಂಪನಿಯೊಂದರ ಮೊಕದ್ದಮೆಯಲ್ಲಿ ಅದೇ ಕೋರ್ಟು, ಕಾಯ್ದೆಯಲ್ಲಿ ಹೇಳಿದ ಬಡ್ಡಿಯಷ್ಟೇ ಹಕ್ಕು, ಬಡ್ಡಿಗೆ ಬಡ್ಡಿ ಇಲ್ಲ ಎಂದು ಅದನ್ನು ಬಿಗಿ ಮಾಡಿತು.

ಎರಡನೆಯದು ನಮಗೆಲ್ಲ ನೇರವಾಗಿ ಸಂಬಂಧಿಸಿದ್ದು, ಮುಂಬಯಿ ಹೈಕೋರ್ಟಿನದು, 2007ರದು. ಕಂಪನಿ ನೌಕರನ ಸಂಬಳದಿಂದ ತೆರಿಗೆ ಹಿಡಿಯಿತು, ಸರ್ಕಾರಕ್ಕೆ ಕಟ್ಟಲಿಲ್ಲ. ಇಲಾಖೆ ಬಂದು ನೌಕರನನ್ನೇ ಕೇಳಿತು. ಕಾಯ್ದೆಯ 205ನೇ ಸೆಕ್ಷನ್ ತೋರಿಸಿ ಹೈಕೋರ್ಟು ಹೇಳಿತು: ಸಂಬಳದಿಂದ ಒಮ್ಮೆ ಹಿಡಿದ ಮೇಲೆ ನೌಕರ ಕಟ್ಟಿದ ಹಾಗೆಯೇ. ಉಳಿದದ್ದನ್ನು ಕಂಪನಿಯಿಂದ ವಸೂಲಿ ಮಾಡಿಕೊಳ್ಳಿ, ಇವನನ್ನು ಮತ್ತೆ ಕೇಳುವಂತಿಲ್ಲ. ಇದು ಗೊತ್ತಿಲ್ಲದೆ ಎರಡೆರಡು ಸಲ ಕಟ್ಟಿದವರು ಇದ್ದಾರೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಮೂರನೆಯದು 2013ರ ಮಾರ್ಚಿನ ದೆಹಲಿ ಹೈಕೋರ್ಟಿನದು. ಅದರ ಹಿನ್ನೆಲೆಗೆ ನಮ್ಮ ಬೆಂಗಳೂರಿಗೇ ಹೋಗಬೇಕು. 2009ರಲ್ಲಿ ರಿಟರ್ನುಗಳನ್ನು ಕಂಪ್ಯೂಟರಿನಲ್ಲೇ ಪರಿಶೀಲಿಸಲು ಇಲಾಖೆ ಬೆಂಗಳೂರಿನಲ್ಲಿ ಕೇಂದ್ರವೊಂದನ್ನು ತೆರೆಯಿತು. ಆನ್‌ಲೈನಿನಲ್ಲಿ ಸಲ್ಲಿಸಿದ ರಿಟರ್ನು ಯಾವ ಊರಿನದಾದರೂ ಅಲ್ಲಿಗೆ ಹೋಗುತ್ತದೆ. ಮುಂಬಯಿಯಲ್ಲಿ ಹಿಡಿದ ನಮ್ಮ ದುಡ್ಡು ಬೆಂಗಳೂರಿನಲ್ಲಿ ಲೆಕ್ಕವಾಗಿ ಬರುವಂತಾಯಿತು. ಇದರಿಂದ ದೊಡ್ಡ ಉಪಕಾರವಾಯಿತು, ಅನುಮಾನವಿಲ್ಲ. ವೋಚರು ಹೋಗಿ ಹಣ ನೇರ ಬ್ಯಾಂಕ್ ಖಾತೆಗೆ ಬರತೊಡಗಿತು. ಆದರೆ ಆರಂಭದ ವರ್ಷಗಳಲ್ಲಿ ಒಂದು ತೊಡಕಿತ್ತು. ಕಂಪನಿ ಸಲ್ಲಿಸಿದ ಲೆಕ್ಕದಲ್ಲಿ ಪ್ಯಾನ್ ನಂಬರಿನ ಒಂದು ಅಕ್ಷರ ತಪ್ಪಿದ್ದರೂ ಕಂಪ್ಯೂಟರು ನಿಮ್ಮ ಕಡಿತವನ್ನೇ ಒಪ್ಪುತ್ತಿರಲಿಲ್ಲ. ರೀಫಂಡ್ ಬರುವ ಬದಲು ಬಾಕಿ ಕಟ್ಟಿ ಎಂದು ನೋಟೀಸು ಬರುತ್ತಿತ್ತು. ದೆಹಲಿಯ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡ ಹೈಕೋರ್ಟು, ಹಿಡಿದವನ ತಪ್ಪಿಗೆ ಹಿಡಿಸಿಕೊಂಡವನನ್ನು ಅಲೆಸಬಾರದು ಎಂಬ ಅರ್ಥದ ಆದೇಶ ಕೊಟ್ಟಿತು.

ಇತ್ತೀಚಿನ ಮಾತು

ಈಗ ಹೆಚ್ಚು ಕಡಿತಕ್ಕೆ ಹೊಸ ಕಾರಣಗಳು ಹುಟ್ಟಿವೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಯಿತು. ನೀವು ಬಾಯಿ ಬಿಟ್ಟು ಹೇಳದಿದ್ದರೆ ಕಂಪನಿ ಅದರ ಪ್ರಕಾರವೇ ಹಿಡಿಯುತ್ತದೆ. ಮನೆ ಬಾಡಿಗೆ, ಸಾಲದ ಬಡ್ಡಿ, ವಿಮೆ ಎಲ್ಲ ಸೇರಿ ಹಳೆ ಪದ್ಧತಿಯೇ ನಿಮಗೆ ಲಾಭವಾಗಿದ್ದರೆ, ರಿಟರ್ನಿನಲ್ಲಿ ಅದನ್ನು ಆರಿಸಿ ಹೆಚ್ಚಿನದನ್ನು ವಾಪಸು ಕೇಳಬೇಕು. ಒಳ್ಳೆಯ ಬದಲಾವಣೆಯೂ ಒಂದಿದೆ. 2024ರ ಅಕ್ಟೋಬರಿನಿಂದ, ಬೇರೆ ಕಡೆ ನಿಮ್ಮಿಂದ ಈಗಾಗಲೇ ಹಿಡಿದ ತೆರಿಗೆಯನ್ನು, ಉದಾಹರಣೆಗೆ ಬ್ಯಾಂಕಿನ ಠೇವಣಿಯ ಮೇಲೆ ಹಿಡಿದದ್ದು, ಮಗನ ಓದಿಗೆ ಪರದೇಶಕ್ಕೆ ಹಣ ಕಳಿಸುವಾಗ ಹಿಡಿದದ್ದು, ಕಂಪನಿಗೆ ತಿಳಿಸಿ ಸಂಬಳದ ಕಡಿತದಲ್ಲಿ ಸರಿದೂಗಿಸಿಕೊಳ್ಳಬಹುದು. ಬ್ರಿಟನ್ನು 1944ರಲ್ಲಿ ಹಿಡಿದ ದಾರಿಯ ಕಡೆಗೆ ನಾವು ಎಂಬತ್ತು ವರ್ಷ ಬಿಟ್ಟು ಇಟ್ಟ ಪುಟ್ಟ ಹೆಜ್ಜೆ ಅನ್ನಿ.

2025ರಲ್ಲಿ ಮಾತ್ರ ಒಂದು ಗಂಡಾಂತರ ಸ್ವಲ್ಪದರಲ್ಲಿ ತಪ್ಪಿತು. 1961ರ ಕಾಯ್ದೆಯ ಬದಲಿಗೆ ಫೆಬ್ರವರಿಯಲ್ಲಿ ಮಂಡಿಸಿದ ಹೊಸ ಮಸೂದೆಯಲ್ಲಿ, ಗಡುವು ತಪ್ಪಿ ರಿಟರ್ನ್ ಸಲ್ಲಿಸಿದವರಿಗೆ ರೀಫಂಡ್ ಕೇಳುವ ಹಕ್ಕೇ ಇಲ್ಲದಂತಾಗುವ ಮಾತು ಸೇರಿತ್ತು. ಕಾಯಿಲೆ ಬಿದ್ದೋ, ಊರಿನಲ್ಲಿ ಸಾವುನೋವಾಗಿಯೋ ದಿನ ತಪ್ಪಿದರೆ ಹೆಚ್ಚು ಹಿಡಿದದ್ದು ಹೋದಂತೆಯೇ. ಬೈಜಯಂತ ಪಾಂಡಾ ಅಧ್ಯಕ್ಷತೆಯ ಆಯ್ಕೆ ಸಮಿತಿ ಅದನ್ನು ತೆಗೆಯಿರಿ ಎಂದಿತು. ಆಗಸ್ಟ್‌ನಲ್ಲಿ ಪಾಸಾದ ಮಸೂದೆಯಲ್ಲಿ ಅದು ಇರಲಿಲ್ಲ. ಹೊಸ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ನಮಗೆಲ್ಲ ಬಾಯಿಪಾಠವಾಗಿದ್ದ 192ನೇ ಸೆಕ್ಷನ್ನಿಗೆ ಅದರಲ್ಲಿ 392 ಎಂಬ ನಂಬರು. ನಂಬರು ಬದಲಾದರೂ ತಿರುಳು ಹಳೆಯದೇ: ಅಂದಾಜು ಮಾಡು, ಹಿಡಿ.

ತೆರಿಗೆ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ನಾವು ನೆಚ್ಚಿರುವ ರೈಲು, ರಸ್ತೆ, ಮಕ್ಕಳು ಓದಿದ ಸ್ಕೂಲು ಎಲ್ಲಾ ಅದರಿಂದಲೇ. ಮೂಲದಲ್ಲೇ ಹಿಡಿಯುವ ಪದ್ಧತಿಯಿಂದ ನಮಗೂ ಅನುಕೂಲ ಇದೆ, ವರ್ಷದ ಕೊನೆಗೆ ಒಟ್ಟಿಗೆ ಇಷ್ಟು ದೊಡ್ಡ ಮೊತ್ತ ಕಟ್ಟು ಅಂದರೆ ಎಷ್ಟು ಜನರ ಹತ್ತಿರ ಇದ್ದೀತು? ನನ್ನ ತಕರಾರು ಒಂದೇ. ಹಿಡಿಯುವಾಗ ‘ಕಡ್ಡಾಯ’ ಎಂದು ಬರೆದ ಕಾಯ್ದೆ, ಕೊಡುವಾಗ ‘ಕೇಳಿದರೆ’ ಎಂದು ಬರೆಯಿತು. ಆ ‘ಕೇಳಿದರೆ’ ಎನ್ನುವುದರಲ್ಲಿ ಕೇಳಲು ಗೊತ್ತಿರುವವರು ಗೆದ್ದರು, ಗೊತ್ತಿಲ್ಲದವರು ದೇವರಿಗೆ ಕೊಟ್ಟೆ ಎಂದು ಸಮಾಧಾನ ಮಾಡಿಕೊಂಡರು.

ಆದ್ದರಿಂದ ಹೊಸದಾಗಿ ಊರು ಬಿಟ್ಟು ಬಂದು ನೌಕರಿ ಹಿಡಿದ ನಮ್ಮ ಹುಡುಗ-ಹುಡುಗಿಯರಿಗೆ ಒಂದು ಮಾತು. ಏಪ್ರಿಲ್‌ನಲ್ಲೇ ಕಂಪನಿಗೆ ಯಾವ ಪದ್ಧತಿ ಬೇಕೆಂದು ಬರೆದು ಕೊಡಿ. ಬಾಡಿಗೆ ರಸೀದಿ, ವಿಮೆಯ ಕಾಗದ ಕೇಳಿದ ತಿಂಗಳಲ್ಲೇ ಕೊಡಿ. ಕೆಲಸ ಬದಲಿಸಿದರೆ ಹಳೆಯ ಕಂಪನಿಯ ಲೆಕ್ಕ ಹೊಸ ಕಂಪನಿಗೆ ಮುಟ್ಟಿಸಿ. ಮೂರು ತಿಂಗಳಿಗೊಮ್ಮೆ ಇಲಾಖೆಯ ಪೋರ್ಟಲಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಜಮೆಯಾಗಿದೆ ಎಂದು ನೋಡಿ. ಹೆಚ್ಚು ಹಿಡಿದದ್ದು ಕಂಡರೆ ಮಾರ್ಚ್ ದಾಟುವ ಮೊದಲೇ ಅಕೌಂಟ್ಸ್‌ನವರ ಮೇಜಿನ ಮುಂದೆ ನಿಂತು ಕೇಳಿ. ಸಂಕೋಚ ಬೇಡ. ದುಡಿದದ್ದು ನೀವು.